ಥಂಡಿಯಲ್ಲಿ ಬಾತುಗಳಿಗೆ ಬೇಕಾದದ್ದು ಒಣ ನೆಲ: ಬೀದರ್ ಪಾರ್ಕಿನಲ್ಲಿ ನನ್ನ ಅನುಭವ

ದೀಪಾವಳಿ ಮುಗಿದು ಬೀದರಿನಲ್ಲಿ ಬೆಳಗಿನ ಗಾಳಿ ಕೊರೆಯೋಕೆ ಶುರುವಾದರೆ ಸಾಕು, ಪಾರ್ಕಿಗೆ ವಾಕಿಂಗ್ ಬರುವವರು ನನ್ನನ್ನು ನಿಲ್ಲಿಸಿ ಕೇಳುವುದು ಒಂದೇ ಮಾತು. "ಇಷ್ಟು ಥಂಡ್ಯಾಗ ಬಾತುಕೋಳಿ ನೀರಾಗ ಬಿಟ್ಟೀರಲ್ರೀ, ಸಾಯಂಗಿಲ್ಲೇನು?" ಕೇಳುವವರಿಗೆ ನಿಜವಾದ ಕಾಳಜಿ ಇರುತ್ತದೆ. ಹಾಗಾಗಿ ನಿಂತು ಉತ್ತರ ಹೇಳುತ್ತೇನೆ. ಸಾಯುವುದಿಲ್ಲ. ನೀರಿಗೆ ಬಿಡದೇ ಇದ್ದರೆ, ಒದ್ದೆ ಗೂಡಿನಲ್ಲಿ ಕೂಡಿ ಹಾಕಿದರೆ, ಬ್ರೆಡ್ಡು ಬಿಸ್ಕಿಟ್ಟು ತಿನ್ನಿಸಿದರೆ ಸಾಯುತ್ತವೆ.

ನಾನು ಪಶು ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದವನು, ಈಗ ನಿವೃತ್ತ. ಮನೆ ಹತ್ತಿರದ ಪಾರ್ಕಿನಲ್ಲಿ ಒಂದು ಸಣ್ಣ ಹೊಂಡ ಇದೆ. ಅದರಲ್ಲಿ ಇರುವ ಬಾತು, ಹೆಬ್ಬಾತುಗಳ ಉಸ್ತುವಾರಿ ನಾನು ಮತ್ತು ಅಲ್ಲಿನ ಮಾಲಿ ಕಾಕಾ ಇಬ್ಬರೂ ಸೇರಿ ನೋಡಿಕೊಳ್ಳುತ್ತೇವೆ. ಕೆಲವು ಹಕ್ಕಿ ಪಾರ್ಕಿನವರೇ ತಂದು ಬಿಟ್ಟಿದ್ದು. ಜಾಸ್ತಿ ಇರುವುದು ಜನ ಬಿಟ್ಟು ಹೋದವು. ಜಾತ್ರೆಯಲ್ಲೋ ಸಂತೆಯಲ್ಲೋ ಮಕ್ಕಳು ಹಠ ಮಾಡಿದರು ಅಂತ ಹಳದಿ ಮರಿ ಕೊಳ್ಳುತ್ತಾರೆ, ಅದು ಬೆಳೆದು ಅಂಗಳ ಎಲ್ಲ ಗಲೀಜು ಮಾಡಿ ರಾತ್ರಿ ಕೂಗೋಕೆ ಶುರು ಮಾಡಿದಾಗ ಚೀಲದಲ್ಲಿ ತಂದು ಹೊಂಡದ ಪಕ್ಕ ಇಳಿಸಿ ಹೋಗುತ್ತಾರೆ. ಹಾಗಾಗಿ ನಮ್ಮಲ್ಲಿ ಎಲ್ಲ ಬಗೆಯೂ ಇವೆ: ಖಾಕಿ ಕ್ಯಾಂಪ್‌ಬೆಲ್, ಬಿಳಿ ಪೆಕಿನ್, ಮುಖದ ಮೇಲೆ ಕೆಂಪು ಗಂಟು ಗಂಟು ಇರುವ ಮಸ್ಕೋವಿ, ಊರಿನ ಬಾತು, ಮತ್ತೆ ಜನ ಹಂಸ ಅಂತ ಕರೆಯುವ ಬಿಳಿ ಹೆಬ್ಬಾತು.

ಬಗೆ ಯಾವುದು ಅನ್ನುವುದು ಚಳಿಗಾಲದಲ್ಲಿ ಮುಖ್ಯ. ಪೆಕಿನ್, ಖಾಕಿ ಇವೆಲ್ಲ ಕಾಡಿನ ಮಲ್ಲಾರ್ಡ್ ಬಾತಿನಿಂದ ಬಂದವು. ಮಲ್ಲಾರ್ಡ್ ತಣ್ಣನೆ ದೇಶದ ಹಕ್ಕಿ. ಸಾಕಿದ ಹೆಬ್ಬಾತುಗಳ ಮೂಲವೂ ಅಂಥದ್ದೇ. ಯುರೋಪಿನ ಕಡೆಯವು ಬೂದು ಹೆಬ್ಬಾತಿನಿಂದ ಬಂದವು, ಹಣೆ ಮೇಲೆ ಗಂಟು ಇರುವ ಚೀನಾ ತಳಿ ಪೂರ್ವ ಏಷ್ಯಾದ ಬೇರೊಂದು ಹೆಬ್ಬಾತಿನಿಂದ ಬಂದದ್ದು. ಇವಕ್ಕೆ ಬೀದರಿನ ಥಂಡಿ ಏನೇನೂ ಅಲ್ಲ. ಮಸ್ಕೋವಿ ಮಾತ್ರ ಬೇರೆ. ಅದು ಮಧ್ಯ ಮತ್ತು ದಕ್ಷಿಣ ಅಮೆರಿಕದ ಬಿಸಿ ನಾಡಿನದು, ಮರ ಹತ್ತಿ ಕೂಡುವ ಹಕ್ಕಿ, ನೀರಿನಲ್ಲಿ ಇರುವುದು ಕಡಿಮೆ. ಅದರ ಪುಕ್ಕಕ್ಕೆ ನೀರು ತಡೆಯುವ ಶಕ್ತಿಯೂ ಉಳಿದ ಬಾತುಗಳಷ್ಟು ಇಲ್ಲ. ಗೂಡಿನಲ್ಲಿ ಗಾಳಿ ಬೀಳದ ಮೂಲೆಯನ್ನು ನಾವು ಮಸ್ಕೋವಿಗಳಿಗೇ ಬಿಡುತ್ತೇವೆ. ಅಲ್ಲಿ ಕೂಡೋಕೆ ಒಂದು ದಪ್ಪ ಕೊಂಬೆ ಅಡ್ಡ ಕಟ್ಟಿದ್ದೇವೆ.

ಬೀದರ್ ಸಮುದ್ರಮಟ್ಟದಿಂದ 650 ಮೀಟರಿಗೂ ಮೇಲಿರುವ ಊರು. ಡಿಸೆಂಬರ್, ಜನವರಿಯಲ್ಲಿ ಕೆಲವು ರಾತ್ರಿ 10 ಡಿಗ್ರಿಗಿಂತ ಕೆಳಗೆ ಇಳಿಯುತ್ತದೆ. ನಮಗೆ ಅದು ರಜಾಯಿ ಹೊದ್ದು ಮುದುರಿಕೊಳ್ಳುವ ಥಂಡಿ. ಬಾತಿನ ಮೈ ಬಿಸಿ 41, 42 ಡಿಗ್ರಿ ಆಸುಪಾಸು. ಆ ಬಿಸಿಯನ್ನು ಹೊರಗೆ ಬಿಡದ ಹಾಗೆ ಒಳಗೆ ಮೆತ್ತನೆ ತುಪ್ಪಳ, ಅದರ ಮೇಲೆ ಎಣ್ಣೆ ಸವರಿದ ಪುಕ್ಕ. ಕಾಲು ಬರಿಗಾಲು ಅಲ್ವಾ, ಅದು ಕೊರೆಯೋದಿಲ್ವಾ ಅಂತ ಕೇಳುತ್ತಾರೆ. ಕಾಲಿನೊಳಗೆ ಕೆಳಗಿಳಿಯುವ ಬಿಸಿ ರಕ್ತದ ನಾಳ ಮತ್ತು ಮೇಲೆ ಬರುವ ತಣ್ಣನೆ ರಕ್ತದ ನಾಳ ಒಂದಕ್ಕೊಂದು ಅಂಟಿಕೊಂಡೇ ಇವೆ. ಇಳಿಯುವ ರಕ್ತ ತನ್ನ ಬಿಸಿಯನ್ನು ಏರುವ ರಕ್ತಕ್ಕೆ ದಾಟಿಸಿಬಿಡುತ್ತದೆ. ಪಾದ ತಣ್ಣಗೇ ಇರುತ್ತದೆ, ಮೈ ಬಿಸಿ ಮೈಯಲ್ಲೇ ಉಳಿಯುತ್ತದೆ. ಬೆಳಿಗ್ಗೆ ಒಂಟಿ ಕಾಲಿನಲ್ಲಿ ನಿಂತು ಕೊಕ್ಕನ್ನು ಬೆನ್ನಿನ ಪುಕ್ಕದಲ್ಲಿ ಹುದುಗಿಸಿಕೊಂಡ ಬಾತನ್ನು ನೋಡಿ "ಪಾಪ, ಜ್ವರ ಬಂದದ" ಅನ್ನುತ್ತಾರೆ. ಜ್ವರ ಅಲ್ಲ, ಬಿಸಿ ಉಳಿಸಿಕೊಳ್ಳುವ ಅದರ ರೀತಿ ಅದು. ನಿಜವಾಗಿ ಕಾಯಿಲೆ ಬಿದ್ದ ಬಾತು ಬೇರೆಯೇ ಕಾಣುತ್ತದೆ. ಪುಕ್ಕ ಉಬ್ಬಿಸಿಕೊಂಡು ಗುಂಪು ಬಿಟ್ಟು ದೂರ ಕೂತಿರುತ್ತದೆ, ಕಾಳು ಚೆಲ್ಲಿದರೂ ಏಳುವುದಿಲ್ಲ.

ತಣ್ಣನೆ ದೇಶದ ಪಾರ್ಕುಗಳಲ್ಲಿ ಏನು ಮಾಡುತ್ತಾರೆ ಅಂತ ನಾನು ತುಂಬ ಓದಿ ತಿಳಿದುಕೊಂಡೆ, ಯಾಕೆಂದರೆ ಪ್ರತಿ ವರ್ಷ ಯಾರಾದರೂ ಒಬ್ಬರು ಮೊಬೈಲ್ ಹಿಡಿದು ವಿಡಿಯೋ ತೋರಿಸಿ "ನೋಡ್ರೀ ಸರ್, ಫಾರಿನ್ನಿನಾಗ ಎಲ್ಲಾ ಹಕ್ಕಿ ಒಳಗ ಇಡ್ತಾರ" ಅನ್ನುತ್ತಾರೆ. ಅದು ಸುಳ್ಳಲ್ಲ. ಜರ್ಮನಿಯ ಹ್ಯಾಂಬರ್ಗ್ ನಗರದಲ್ಲಿ ಆಲ್ಸ್ಟರ್ ಕೆರೆಯ ಹಂಸಗಳನ್ನು ನವೆಂಬರ್ ಹೊತ್ತಿಗೆ ದೋಣಿಯಲ್ಲಿ ಹೋಗಿ ಹಿಡಿದು ಬೇರೊಂದು ಕೊಳಕ್ಕೆ ಒಯ್ಯುತ್ತಾರೆ. ಅಲ್ಲಿ ಪಂಪಿನಿಂದ ನೀರು ಹೆಪ್ಪುಗಟ್ಟದ ಹಾಗೆ ನೋಡಿಕೊಳ್ಳುತ್ತಾರೆ. ಅದಕ್ಕೆಂದೇ ನಗರದಲ್ಲಿ ಒಂದು ಹುದ್ದೆ ಇದೆ. ಕೆನಡಾದ ಸ್ಟ್ರಾಟ್‌ಫರ್ಡ್‌ನಲ್ಲೂ ಚಳಿಗೆ ಹಂಸಗಳನ್ನು ಒಳಗೆ ಇಟ್ಟು ವಸಂತದಲ್ಲಿ ಬ್ಯಾಂಡ್ ಬಾರಿಸಿಕೊಂಡು ಮೆರವಣಿಗೆಯಲ್ಲಿ ನದಿಗೆ ಬಿಡುತ್ತಾರೆ. ಅಮೆರಿಕದ ಬಾಸ್ಟನ್ನಿನ ಪಬ್ಲಿಕ್ ಗಾರ್ಡನ್ ಅನ್ನುವ ಪಾರ್ಕಿನ ಹಂಸಗಳು ಚಳಿ ಕಳೆಯುತ್ತಿದ್ದದ್ದು ಅಲ್ಲಿನ ಮೃಗಾಲಯದಲ್ಲಿ.

ಆದರೆ ಹೀಗೆ ಯಾಕೆ ಮಾಡುತ್ತಾರೆ ಅನ್ನುವುದನ್ನು ನೋಡಬೇಕು. ಅಲ್ಲಿ ಕೊಳದ ಮೇಲೆ ಮಂಜುಗಡ್ಡೆ ಕಟ್ಟುತ್ತದೆ. ಗಡ್ಡೆ ಕಟ್ಟಿದರೆ ತಿನ್ನೋಕೆ ನೀರೊಳಗಿನ ಸೊಪ್ಪು ಸಿಗದು, ಕುಡಿಯೋಕೆ ನೀರಿಲ್ಲ, ಮೇಲಾಗಿ ನರಿ, ನಾಯಿಗಳು ಗಡ್ಡೆ ಮೇಲೆ ನಡೆದೇ ಹಕ್ಕಿ ಇರುವಲ್ಲಿಗೆ ಬಂದುಬಿಡುತ್ತವೆ. ಹಾರಬಲ್ಲ ಕಾಡು ಹಕ್ಕಿಗಳು ದಕ್ಷಿಣಕ್ಕೆ ಹೋಗುತ್ತವೆ. ಸಾಕಿದವು, ರೆಕ್ಕೆ ಕತ್ತರಿಸಿದವು ಹೋಗಲಾರವು, ಅವನ್ನು ಮನುಷ್ಯರೇ ಸಾಗಿಸಬೇಕು. ಬೇರೆ ಎಷ್ಟೋ ಪಾರ್ಕುಗಳಲ್ಲಿ ಹಕ್ಕಿಗಳನ್ನು ಹೊರಗೇ ಬಿಟ್ಟು, ಕೊಳದ ತಳದಿಂದ ಗಾಳಿ ಗುಳ್ಳೆ ಬಿಡುವ ಯಂತ್ರ ಹಾಕಿ ಒಂದಷ್ಟು ನೀರು ತೆರೆದಿರುವ ಹಾಗೆ ಮಾಡುತ್ತಾರೆ. ಅಂದರೆ ಅವರ ಒದ್ದಾಟವೆಲ್ಲ ಹಕ್ಕಿಗೆ ತೆರೆದ ನೀರು ಉಳಿಸಿಕೊಡೋಕೆ. ನಮ್ಮಲ್ಲಿ ತೆರೆದ ನೀರು ತಾನಾಗಿಯೇ ಇದೆ. ಅದನ್ನು ಥಂಡಿ ಹೆಸರಲ್ಲಿ ನಾವೇ ಮುಚ್ಚಿಬಿಟ್ಟರೆ ಹೇಗೆ?

ನೀರಿನ ಮಾತು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಬಾತಿನ ಬಾಲದ ಬುಡದಲ್ಲಿ ಒಂದು ಎಣ್ಣೆ ಗ್ರಂಥಿ ಇದೆ. ಈಜಿ, ತಲೆ ಮುಳುಗಿಸಿ, ಮೈ ಒದರಿ, ಆಮೇಲೆ ಕೊಕ್ಕಿನಿಂದ ಆ ಎಣ್ಣೆ ತೆಗೆದು ಪುಕ್ಕ ಪುಕ್ಕಕ್ಕೂ ಸವರುತ್ತದೆ. ಈ ಕೆಲಸ ನಡೆಯೋಕೆ ನೀರು ಬೇಕೇ ಬೇಕು. ವಾರಗಟ್ಟಲೆ ನೀರು ಕಾಣದ ಬಾತಿನ ಪುಕ್ಕ ಕೊಳೆ ಹಿಡಿದು ನೀರು ಕುಡಿಯೋಕೆ ಶುರು ಮಾಡುತ್ತದೆ. ಆಮೇಲೆ ಒಂದು ದಿನ ಅದನ್ನು ಹೊಂಡಕ್ಕೆ ಬಿಟ್ಟರೆ ನೆನೆದು ತೊಪ್ಪೆಯಾಗಿ ದಡ ಸೇರೋಕೂ ಆಗದೇ ನಡುಗುತ್ತದೆ. ಆಗ ಜನ "ನೋಡಿ, ನಾವು ಹೇಳಲಿಲ್ವಾ, ಥಂಡಿ ಹಿಡೀತು" ಅನ್ನುತ್ತಾರೆ. ಯಾರೋ ಮನೆಯ ತಾರಸಿ ಮೇಲೆ ಸಾಕಿ ಚಳಿಗಾಲದಲ್ಲಿ ತಂದು ಬಿಟ್ಟ ಬಾತುಗಳಲ್ಲಿ ಇದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ಅಂಥ ಹಕ್ಕಿ ಬಂದರೆ ಸೀದಾ ಹೊಂಡಕ್ಕೆ ಬಿಡುವುದಿಲ್ಲ. ಬಿಸಿಲು ಏರಿದ ಮೇಲೆ ಅಗಲವಾದ ಬುಟ್ಟಿಯಲ್ಲಿ ಬಾತಿನ ಮೊಣಕಾಲು ಮುಳುಗುವಷ್ಟು ನೀರು ಇಟ್ಟು ಸ್ನಾನ ಮಾಡಿಸಿ, ಒಣಗೋಕೆ ಬಿಟ್ಟು, ಪುಕ್ಕದ ಮೇಲೆ ನೀರು ಮುತ್ತಿನ ಹಾಗೆ ಉರುಳೋಕೆ ಶುರುವಾದ ಮೇಲೆ ಹೊಂಡಕ್ಕೆ.

ಇನ್ನೊಂದು, ಬಾತಿಗೆ ತಲೆ ಪೂರ್ತಿ ಮುಳುಗುವಷ್ಟಾದರೂ ಆಳದ ನೀರು ಬೇಕು. ಮೂಗಿನ ತೂತು, ಕಣ್ಣು ತೊಳೆದುಕೊಳ್ಳೋದು ಹಾಗೆಯೇ. ಕೋಳಿಗೆ ಇಡುವ ಚಪ್ಪಟೆ ತಟ್ಟೆ ಇಟ್ಟರೆ ಕಣ್ಣು ಅಂಟಿ ಊದಿಕೊಳ್ಳುತ್ತದೆ.

ಹೊಂಡದ ನೀರು ಚಳಿಗಾಲದಲ್ಲಿ ಬೇಗ ಕೆಡುತ್ತದೆ. ಮಳೆ ನಿಂತಿರುತ್ತದೆ, ಹೊಸ ನೀರು ಬರುವುದಿಲ್ಲ, ಹಿಕ್ಕೆ ತಳ ಸೇರುತ್ತಲೇ ಇರುತ್ತದೆ. ಒಮ್ಮೆಲೇ ಖಾಲಿ ಮಾಡಿ ತುಂಬಿಸುವಷ್ಟು ನೀರು ಬೀದರಿನಲ್ಲಿ ಯಾರ ಹತ್ತಿರ ಇದೆ? ನಾವು ವಾರಕ್ಕೊಮ್ಮೆ ಸುಮಾರು ಕಾಲು ಭಾಗ ನೀರನ್ನು ತಳದಿಂದ ಪೈಪ್ ಹಾಕಿ ಹುಲ್ಲುಹಾಸಿಗೆ, ಚೆಂಡುಹೂವಿನ ಮಡಿಗೆ ಬಿಡುತ್ತೇವೆ. ಆ ನೀರು ಗಿಡಕ್ಕೆ ಒಳ್ಳೆ ಗೊಬ್ಬರ, ಮಾಲಿ ಕಾಕಾನ ಚೆಂಡುಹೂ ನೋಡಿದರೆ ಗೊತ್ತಾಗುತ್ತದೆ. ಖಾಲಿಯಾದಷ್ಟನ್ನು ಬೋರಿನಿಂದ ತುಂಬಿಸುತ್ತೇವೆ, ಅದೂ ಬೆಳಿಗ್ಗೆಯೇ. ಬೋರಿನ ನೀರು ನೆಲದಾಳದಿಂದ ಬರುವುದರಿಂದ ಚಳಿಗಾಲದ ಮುಂಜಾನೆಯಲ್ಲಿ ಬೆಚ್ಚಗಿರುತ್ತದೆ, ಹೊಗೆಯಾಡುತ್ತದೆ. ಪೈಪಿನ ಬಾಯಿ ಹತ್ತಿರ ಹೆಬ್ಬಾತುಗಳೆಲ್ಲ ಕತ್ತು ಚಾಚಿಕೊಂಡು ಜಮಾಯಿಸುತ್ತವೆ.

ಈಗ ನೆಲ. ನನ್ನ ಪ್ರಕಾರ ಚಳಿಗಾಲದ ಕೆಲಸದಲ್ಲಿ ಮುಕ್ಕಾಲು ಪಾಲು ಇದೇ. ಬಾತು ಹಗಲೆಲ್ಲ ನೀರಲ್ಲಿ ಇರಬಹುದು, ರಾತ್ರಿ ಎದೆಯೂರಿ ಮಲಗುವ ನೆಲ ಮಾತ್ರ ಒಣಗಿರಬೇಕು. ಒದ್ದೆ ನೆಲದಲ್ಲಿ ರಾತ್ರಿಯಿಡೀ ಮಲಗಿದರೆ ಎದೆಯ ತುಪ್ಪಳ ನೆನೆದು, ಹಿಕ್ಕೆಯ ಜೊತೆ ಅಂಟಿ, ಗಂಟಾಗುತ್ತದೆ. ಒಣ ರಜಾಯಿ ಬೆಚ್ಚಗಿಡುತ್ತದೆ, ನೆನೆದ ರಜಾಯಿ ಮೈ ಕೊರೆಯುತ್ತದೆ, ಅಷ್ಟೇ ಲೆಕ್ಕ. ಬಾತಿನ ಹಿಕ್ಕೆಯಲ್ಲಿ ನೀರೇ ಜಾಸ್ತಿ, ಅದಕ್ಕೇ ಗೂಡು ಎಷ್ಟು ಬೇಗ ಒದ್ದೆಯಾಗುತ್ತದೆ ಅನ್ನುವುದು ಕೋಳಿ ಸಾಕಿದವರಿಗೆ ಊಹೆಗೆ ಬರುವುದಿಲ್ಲ.

ಹಾಸೋಕೆ ಏನು ಸಿಗುತ್ತದೆ? ನಮ್ಮ ಕಡೆ ಭತ್ತದ ಹುಲ್ಲು ಕಡಿಮೆ. ತೊಗರಿ ಹೊಟ್ಟು ದನಕ್ಕೇ ಸಾಲದು, ಹಾಸೋಕೆ ಕೇಳಿದರೆ ರೈತರು ಬೈಯುತ್ತಾರೆ, ಬೈಯಲೇಬೇಕು. ನಮಗೆ ಒಗ್ಗಿದ್ದು ಸಾಮಿಲ್ಲಿನ ಕಟ್ಟಿಗೆ ಹೆರೆ. ಪುಡಿ ಬೇಡ, ಅದು ಮೂಗಿಗೆ, ಕಣ್ಣಿಗೆ ಹೋಗುತ್ತದೆ. ಸುರುಳಿ ಸುರುಳಿ ಹೆರೆ ಬೇಕು. ಅದರ ಮೇಲೆ ಜೋಳದ ಕಣಿಕೆಯನ್ನು ಸಣ್ಣಗೆ ಕಡಿದು ಹಾಕುತ್ತೇವೆ, ಇಲ್ಲವೇ ಕಬ್ಬಿನ ಒಣ ರವದಿ. ಬೀದರಿನಲ್ಲಿ ಕಬ್ಬು ಕಡಿಯೋದು ಚಳಿಗಾಲದಲ್ಲೇ, ರವದಿಗೆ ಬರವಿಲ್ಲ. ಪ್ರತಿ ದಿನ ಸಂಜೆ ಕೈಯಿಂದ ಮುಟ್ಟಿ ನೋಡಿ ಒದ್ದೆಯಾದ ಕಡೆಯಷ್ಟೇ ತೆಗೆದು ಹೊಸದು ಹಾಕಿದರೆ ಸಾಕು.

ಒಂದು ಎಚ್ಚರಿಕೆ. ಮಳೆಗೆ ನೆನೆದು ಬೂಷ್ಟು ಹಿಡಿದ ಕಣಿಕೆ, ರವದಿ ಎಷ್ಟೇ ಪುಕ್ಕಟೆ ಸಿಕ್ಕರೂ ಹಾಕಬೇಡಿ. ಬೂಷ್ಟಿನಲ್ಲಿರುವ ಆಸ್ಪರ್ಜಿಲಸ್ ಅನ್ನುವ ಶಿಲೀಂಧ್ರದ ಕಣಗಳು ಹಕ್ಕಿಯ ಉಸಿರಿನ ಜೊತೆ ಒಳಗೆ ಹೋಗಿ ಶ್ವಾಸಕೋಶದಲ್ಲಿ, ಗಾಳಿಚೀಲದಲ್ಲಿ ಬೆಳೆಯುತ್ತವೆ. ಬಾತು, ಹೆಬ್ಬಾತುಗಳಿಗೆ ಇದು ಬೇಗ ತಗಲುತ್ತದೆ. ಬಾಯಿ ತೆರೆದು ಉಸಿರಾಡೋಕೆ ಶುರು ಮಾಡಿದ ಮೇಲೆ ಉಳಿಸಿಕೊಳ್ಳೋದು ತುಂಬ ಕಷ್ಟ. ಎಷ್ಟೋ ಕಡೆ "ಥಂಡಿಗೆ ಸತ್ತವು" ಅಂತ ಬರೆದುಕೊಳ್ಳುವ ಸಾವುಗಳಲ್ಲಿ ಇದರ ಪಾಲು ಇರುತ್ತದೆ ಅಂತ ನನಗೆ ಬಲವಾಗಿ ಅನ್ನಿಸುತ್ತದೆ. ಸತ್ತ ಹಕ್ಕಿಯನ್ನು ಹೂಳುವ ಮೊದಲು ಪೋಸ್ಟ್‌ಮಾರ್ಟಮ್ ಮಾಡಿಸಿ. ಬೀದರಿನವರಿಗೆ ಇದರಲ್ಲಿ ಒಂದು ಅನುಕೂಲ ಇದೆ, ರಾಜ್ಯದ ಪಶುವೈದ್ಯಕೀಯ ವಿಶ್ವವಿದ್ಯಾಲಯವೇ ನಮ್ಮ ಊರಲ್ಲಿ, ನಂದಿನಗರದಲ್ಲಿ ಇದೆ.

ಗಾಳಿಗೆ ತಡೆ ಬೇಕು, ಆದರೆ ಗೂಡು ಪೂರ್ತಿ ಮುಚ್ಚಬಾರದು. ಚಳಿಗಾಲದಲ್ಲಿ ನಮ್ಮ ಕಡೆ ಗಾಳಿ ಹೆಚ್ಚಾಗಿ ಪೂರ್ವ, ಈಶಾನ್ಯದಿಂದ ಬೀಸುತ್ತದೆ. ಆ ಎರಡು ಕಡೆ ತೊಗರಿ ಕಟ್ಟಿಗೆಯ ತಟ್ಟಿ ಹೆಣೆದು ನೆಲದಿಂದ ಸೊಂಟದೆತ್ತರದ ತನಕ ನಿಲ್ಲಿಸುತ್ತೇವೆ. ಡಿಸೆಂಬರಿನಲ್ಲಿ ತೊಗರಿ ರಾಶಿ ಶುರುವಾದರೆ ಕಟ್ಟಿಗೆ ಎಷ್ಟು ಬೇಕಾದರೂ ಸಿಗುತ್ತದೆ. ಮೇಲಿನ ಭಾಗಕ್ಕೆ ಬರೀ ಜಾಲರಿ. ಒಂದು ವರ್ಷ ಒಬ್ಬ ಗುರುಗಳು ಪ್ರೀತಿಯಿಂದ ಪ್ಲಾಸ್ಟಿಕ್ ತಾಡಪತ್ರಿ ತಂದುಕೊಟ್ಟು ಸುತ್ತಲೂ ಬಿಗಿಯಾಗಿ ಕಟ್ಟಿ ಅಂದರು. ತಾಡಪತ್ರಿಯನ್ನು ಚಾವಣಿಗೆ ಬಳಸಿಕೊಂಡೆವು, ಸುತ್ತ ಕಟ್ಟಲಿಲ್ಲ. ಬಾತಿನ ಉಸಿರಿನ ತೇವ, ಹಿಕ್ಕೆಯಿಂದ ಏಳುವ ಅಮೋನಿಯಾ ಹೊರಗೆ ಹೋಗದಿದ್ದರೆ ಬೆಳಗಾಗುವಷ್ಟರಲ್ಲಿ ಒಳಗೆಲ್ಲ ನೀರು ಬೆವರಿರುತ್ತದೆ, ಕಣ್ಣು ಉರಿಯುತ್ತದೆ. ಗೂಡಿನೊಳಗೆ ನೀವು ಬಗ್ಗಿ ಬಾತಿನ ತಲೆಯೆತ್ತರದಲ್ಲಿ ಉಸಿರು ಎಳೆದು ನೋಡಿ. ನಿಮಗೆ ಘಾಟು ಹೊಡೆದರೆ ಅದಕ್ಕೆ ರಾತ್ರಿಯೆಲ್ಲ ಹೊಡೆದಿದೆ ಅಂತ ತಿಳಿಯಿರಿ. ಬಲ್ಬ್ ಹಾಕಿ ಬಿಸಿ ಮಾಡುವುದು ಹೊಸ ಮರಿಗಳಿಗಷ್ಟೇ. ದೊಡ್ಡವಕ್ಕೆ ಬೇಡ, ಒಣ ಹುಲ್ಲಿನ ಮೇಲೆ ಬಲ್ಬ್ ಬಿದ್ದರೆ ಗೂಡೇ ಸುಟ್ಟುಹೋಗುತ್ತದೆ.

ಹೊಂಡದ ಅಂಚಿನ ಬಗ್ಗೆ ಒಂದು ಮಾತು. ನಮ್ಮಲ್ಲಿ ಎಲ್ಲ ಕಡೆ ಕೆಂಪು ಜಂಬಿಟ್ಟಿಗೆ ಕಲ್ಲು, ಮೇಲ್ಮೈ ಒರಟು. ಚಳಿಗಾಲದ ಒಣ ಹವೆಯಲ್ಲಿ ಅಂಗಾಲು ಬಿರುಕು ಬಿಟ್ಟು, ಆ ಬಿರುಕಿನಲ್ಲಿ ಸೋಂಕು ಸೇರಿ ಕೀವುಗಂಟು ಆಗುತ್ತದೆ. ಭಾರದ ಪೆಕಿನ್ನುಗಳಿಗೆ, ಹೆಬ್ಬಾತುಗಳಿಗೆ ಇದು ಜಾಸ್ತಿ. ಹತ್ತಿಳಿಯುವ ಜಾಗದಲ್ಲಿ ಮರಳು ಸುರಿದು ಅದರ ಮೇಲೆ ಹಳೆ ರಬ್ಬರ್ ಮ್ಯಾಟ್ ಹಾಕಿದ ಮೇಲೆ ನಮ್ಮಲ್ಲಿ ಕುಂಟುವ ಹಕ್ಕಿ ಕಾಣೋದು ಅಪರೂಪ.

ಮೇವಿನ ಲೆಕ್ಕ ಹೀಗೆ. ದೊಡ್ಡ ಬಾತಿಗೆ ದಿನಕ್ಕೆ ಸುಮಾರು 150ರಿಂದ 170 ಗ್ರಾಂ ಮೇವು ಬೇಕು. ಥಂಡಿಯಲ್ಲಿ ಸ್ವಲ್ಪ ಹೆಚ್ಚು. ಬೆಳಿಗ್ಗೆ ಮೊಟ್ಟೆಕೋಳಿ ಮೇವನ್ನು ನೀರಲ್ಲಿ ಕಲಸಿ ಕೊಡುತ್ತೇವೆ. ಒಣ ಹಿಟ್ಟು ಕೊಟ್ಟರೆ ಗಂಟಲಿಗೆ ಅಂಟುತ್ತದೆ, ಕಲಸಿದ್ದನ್ನು ಮಧ್ಯಾಹ್ನದ ತನಕ ಬಿಟ್ಟರೆ ಹುಳಿಯುತ್ತದೆ, ಹಾಗಾಗಿ ತಿಂದು ಮುಗಿಸುವಷ್ಟೇ. ಸಂಜೆ ಇಡೀ ಕಾಳು: ಬಿಳಿಜೋಳ, ಸಜ್ಜೆ, ಒಮ್ಮೊಮ್ಮೆ ಒಡೆದ ಗೋವಿನಜೋಳ. ಇಡೀ ಕಾಳು ನಿಧಾನಕ್ಕೆ ಅರಗುತ್ತದೆ, ಅರಗುತ್ತಾ ಮೈಗೆ ಬಿಸಿ ಕೊಡುತ್ತದೆ, ಉದ್ದನೆ ರಾತ್ರಿಗೆ ಅದೇ ಆಸರೆ. ಕಾಳನ್ನು ನೆಲಕ್ಕೆ ಚೆಲ್ಲಿದರೆ ಪಾರಿವಾಳಗಳ ಪಾಲು. ಗೇಣುದ್ದ ನೀರಿರುವ ಬುಟ್ಟಿಯಲ್ಲಿ ಹಾಕಿ, ಬಾತು ಮುಳುಗಿ ತೆಗೆದು ತಿನ್ನುತ್ತದೆ, ಪಾರಿವಾಳಕ್ಕೆ ಸಿಗದು. ಬೆಳಿಗ್ಗೆ ಉಳಿದ ಕಾಳು ತೆಗೆದು ಬುಟ್ಟಿ ತೊಳೆಯುವುದು ಮಾತ್ರ ತಪ್ಪಬಾರದು. ಕಾಳು ಅರೆಯೋಕೆ ಹೊಟ್ಟೆಯಲ್ಲಿ ಸಣ್ಣ ಹರಳು ಬೇಕು, ಒಂದು ಮೂಲೆಯಲ್ಲಿ ದಪ್ಪ ಮರಳು ಇಟ್ಟಿರುತ್ತೇವೆ.

ಬರೀ ಜೋಳದ ಮೇಲೆ ಸಾಕಬಾರದು. ಬಾತಿಗೆ ನಿಯಾಸಿನ್ ಅನ್ನುವ ಬಿ ಜೀವಸತ್ವ ಕೋಳಿಗಿಂತ ಜಾಸ್ತಿ ಬೇಕು. ಕಡಿಮೆಯಾದರೆ ಬೆಳೆಯುವ ಮರಿಗಳ ಕಾಲು ಬಿಲ್ಲಿನಂತೆ ಬಾಗುತ್ತದೆ. ನಾವು ಮರಿಗಳ ಮೇವಿಗೆ ಒಣ ಯೀಸ್ಟ್ ಪುಡಿ ಬೆರೆಸುತ್ತೇವೆ. ಸೊಪ್ಪಿಗೆ ಚಳಿಗಾಲದಲ್ಲಿ ಚಿಂತೆಯಿಲ್ಲ. ಸಂತೆ ಮುಗಿದ ಮೇಲೆ ಉಳಿದ ಮೆಂತ್ಯ, ರಾಜಗಿರಿ, ಹೊಲದ ಹತ್ತರಕಿ ಎಲ್ಲ ಸಿಗುತ್ತದೆ. ಹೆಬ್ಬಾತುಗಳಂತೂ ಹುಲ್ಲು ಮೇಯುವ ಹಕ್ಕಿ, ದಿನವಿಡೀ ಹುಲ್ಲುಹಾಸಿನ ಮೇಲೆಯೇ. ಅದಕ್ಕೇ ಆ ಹುಲ್ಲಿಗೆ ಔಷಧಿ ಹೊಡೆಯಬಾರದು ಅಂತ ಮಾಲಿ ಕಾಕಾ ಹಠ ಹಿಡಿದು ನಿಲ್ಲಿಸಿದ್ದಾರೆ.

ಶೇಂಗಾ ಹಿಂಡಿಯ ವಿಷಯದಲ್ಲಿ ನಾನು ತುಂಬ ಬಿಗಿ. ನಮ್ಮ ಕಡೆ ಹಿಂಡಿ ಪ್ರೀತಿಯಿಂದ ತಂದುಕೊಡುವವರು ಇದ್ದಾರೆ. ಬೂಷ್ಟು ಹಿಡಿದ ಶೇಂಗಾ, ಗೋವಿನಜೋಳದಲ್ಲಿ ಅಫ್ಲಾಟಾಕ್ಸಿನ್ ಅನ್ನುವ ವಿಷ ಇರುತ್ತದೆ, ಅದು ಯಕೃತ್ತನ್ನು ತಿನ್ನುತ್ತದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು, ಜೊತೆಗೆ ಬಾತಿನ ಮರಿಗಳೂ ಸತ್ತವು. ಕಾರಣ ಹುಡುಕಿದಾಗ ಸಿಕ್ಕಿದ್ದು ಬ್ರೆಜಿಲ್‌ನಿಂದ ತರಿಸಿದ ಶೇಂಗಾ ಹಿಂಡಿ. ಅಫ್ಲಾಟಾಕ್ಸಿನ್ ಬೆಳಕಿಗೆ ಬಂದದ್ದೇ ಆ ಘಟನೆಯಿಂದ. ಸಾಕಿದ ಹಕ್ಕಿಗಳಲ್ಲಿ ಈ ವಿಷವನ್ನು ಎಲ್ಲಕ್ಕಿಂತ ಕಡಿಮೆ ತಡೆಯುವುದು ಬಾತಿನ ಮರಿ. ಕೋಳಿ ತಿಂದು ಬದುಕುವಷ್ಟು ಪ್ರಮಾಣ ಬಾತಿನ ಮರಿಯನ್ನು ಕೊಲ್ಲಬಲ್ಲದು. ತಂದವರ ಮನಸ್ಸಿಗೆ ನೋವಾಗಬಾರದು ಅಂತ ತಗೊಂಡು ಆಮೇಲೆ ಗೊಬ್ಬರದ ಗುಂಡಿಗೆ ಹಾಕುವುದನ್ನು ನಾನು ಒಪ್ಪುವುದಿಲ್ಲ. ಮುಖಕ್ಕೇ ಹೇಳುತ್ತೇನೆ, "ಅಕ್ಕ, ಇದು ಬೇಡ, ಬದಲಿಗೆ ಒಂದು ಸೇರು ಜೋಳ ಕೊಡಿ." ಮುಂದಿನ ಸಲ ಜೋಳವೇ ಬರುತ್ತದೆ.

ಚಳಿಗಾಲದಲ್ಲಿ ಪಾರ್ಕಿಗೆ ಜನ ಜಾಸ್ತಿ. ಅದರಲ್ಲೂ ಎಳ್ಳ ಅಮಾವಾಸ್ಯೆ. ಹೊಲ ಇದ್ದವರು ಹೊಲಕ್ಕೆ ಹೋಗಿ ಚರಗ ಚೆಲ್ಲಿ ಬಜ್ಜಿ, ಸಜ್ಜೆ ರೊಟ್ಟಿ, ಅಂಬಲಿ ಊಟ ಮಾಡುತ್ತಾರೆ. ಹೊಲ ಇಲ್ಲದ ಊರಿನ ಮಂದಿ ಬುತ್ತಿ ಕಟ್ಟಿಕೊಂಡು ಪಾರ್ಕಿಗೆ ಬರುತ್ತಾರೆ. ಇಡೀ ಹುಲ್ಲುಹಾಸು ಚಾದರಗಳಿಂದ ತುಂಬಿರುತ್ತದೆ. ಊಟ ಮುಗಿದ ಮೇಲೆ ಹೊಂಡದ ಸುತ್ತ ನಿಂತು ಉಳಿದದ್ದನ್ನೆಲ್ಲ ಎಸೆಯುತ್ತಾರೆ: ಎಣ್ಣೆ ಉಪ್ಪು ಖಾರದ ಬಜ್ಜಿ ಪಲ್ಲೆ, ಫರಸಾಣ, ಚುರುಮುರಿ, ಬ್ರೆಡ್, ಕುರ್‌ಕುರೆ. ಅನ್ನ ಹಾಕುವುದು ಪುಣ್ಯ ಅನ್ನುವ ಭಾವನೆ ಅದರ ಹಿಂದೆ ಇದೆ, ಅದನ್ನು ನಾನು ಗೌರವಿಸುತ್ತೇನೆ. ಆದರೆ ಉಪ್ಪು ಬಾತಿಗೆ ವಿಷ. ಬ್ರೆಡ್, ಚುರುಮುರಿ ಹೊಟ್ಟೆ ತುಂಬಿಸುತ್ತದೆ, ಸತ್ವ ಕೊಡುವುದಿಲ್ಲ. ಹೊಟ್ಟೆ ತುಂಬಿದ ಬಾತು ಸಂಜೆಯ ಕಾಳು ಮುಟ್ಟುವುದಿಲ್ಲ, ಥಂಡಿ ರಾತ್ರಿಯನ್ನು ಖಾಲಿ ಪಿಷ್ಟದ ಮೇಲೆ ಕಳೆಯಬೇಕು. ಬೆಳೆಯುವ ವಯಸ್ಸಿನಲ್ಲಿ ಇಂಥ ತಿಂಡಿ ಜಾಸ್ತಿಯಾದರೆ ರೆಕ್ಕೆಯ ತುದಿ ಹೊರಕ್ಕೆ ತಿರುಚಿಕೊಳ್ಳುವುದೂ ಉಂಟು, ದೊಡ್ಡದಾದ ಮೇಲೆ ಅದು ಸರಿಹೋಗದು. ತಿನ್ನದೇ ಉಳಿದದ್ದು ನೀರಲ್ಲಿ ಕೊಳೆತು, ಇಲಿಗಳನ್ನು ಕರೆಯುತ್ತದೆ.

"ಆಹಾರ ಹಾಕಬೇಡಿ" ಅಂತ ಬೋರ್ಡ್ ಹಾಕಿ ನೋಡಿದ ಪಾರ್ಕುಗಳನ್ನು ನಾನು ಕಂಡಿದ್ದೇನೆ. ಬೋರ್ಡಿನ ಕೆಳಗೇ ನಿಂತು ಹಾಕುತ್ತಾರೆ. ಕೈಯಲ್ಲಿ ಏನೋ ಕೊಡಬೇಕು ಅನ್ನುವ ಆಸೆಯನ್ನು ತಡೆಯೋದಕ್ಕಿಂತ ಅದಕ್ಕೆ ದಾರಿ ಮಾಡಿಕೊಡೋದು ಸುಲಭ. ಗೇಟಿನ ಹತ್ತಿರ ಒಂದು ಡಬ್ಬಿಯಲ್ಲಿ ಜೋಳ, ಹೆಚ್ಚಿದ ಮೆಂತ್ಯ ಇಟ್ಟೆವು. ಮಕ್ಕಳಿಗೆ ಒಂದೊಂದು ಮುಷ್ಟಿ. ಅಮಾವಾಸ್ಯೆ ದಿನ ಶಾಲೆಯ ಹುಡುಗರು ಹೊಂಡದ ಸುತ್ತ ನಿಲ್ಲುತ್ತಾರೆ, "ಕಾಕಾ, ಬಜ್ಜಿ ಬ್ಯಾಡ್ರೀ, ಈ ಜ್ವಾಳ ಹಾಕ್ರಿ" ಅಂತ ಕೈಗೆ ಕೊಟ್ಟರೆ ಯಾರೂ ಇಲ್ಲ ಅನ್ನುವುದಿಲ್ಲ. ಅವತ್ತು ಬೆಳಗಿನ ಮೇವು ನಾವು ಕೊಡುವುದಿಲ್ಲ, ಜನರ ಕೈಯ ಜೋಳವೇ ಬೆಳಗಿನ ಮೇವು. ಉಳಿದ ಬಜ್ಜಿ ರೊಟ್ಟಿಗೆ ಬೇರೆ ಬುಟ್ಟಿ ಇದೆ, ಅದು ಎಮ್ಮೆ ಕಟ್ಟಿದವರ ಮನೆಗೆ ಹೋಗುತ್ತದೆ.

ಇನ್ನು ಕಾಡಿನ ಹಕ್ಕಿಗಳ ವಿಷಯ. ನವೆಂಬರಿನಿಂದ ನಮ್ಮ ಕಾರಂಜಾ ಜಲಾಶಯದ ಕಡೆ, ಯಾದಗಿರಿ ಜಿಲ್ಲೆಯ ಸುರಪುರ ಹತ್ತಿರದ ಬೋನಾಳ ಕೆರೆಯ ಕಡೆ ವಲಸೆ ಹಕ್ಕಿ ಬರುತ್ತವೆ. ಬೋನಾಳಕ್ಕೆ ಬರುವ ಪಟ್ಟೆತಲೆ ಹೆಬ್ಬಾತು ಮಂಗೋಲಿಯಾ, ಟಿಬೆಟ್ ಕಡೆ ಮರಿ ಮಾಡಿ, ಹಿಮಾಲಯ ದಾಟಿ ಬರುವ ಹಕ್ಕಿ. 7,000 ಮೀಟರಿಗೂ ಎತ್ತರದಲ್ಲಿ ಹಾರಿದ್ದು ದಾಖಲಾಗಿದೆ. ಥಂಡಿಗೆ ಹೆದರುವವರಿಗೆ ನಾನು ಅದನ್ನೇ ತೋರಿಸುತ್ತೇನೆ, ಬೀದರಿನ ಚಳಿ ಅದಕ್ಕೆ ಬೆಚ್ಚನೆ ಊರು, ಚಳಿ ಕಳೆಯೋಕೆಂದೇ ಇಲ್ಲಿಗೆ ಬರುತ್ತದೆ. ಆಗಾಗ ಒಂದೆರಡು ಕಾಡುಬಾತು ನಮ್ಮ ಹೊಂಡಕ್ಕೂ ಇಳಿಯುತ್ತವೆ. ನೋಡೋಕೆ ಖುಷಿ. ಆದರೆ ಅವಕ್ಕೆ ಮೇವು ಹಾಕಿ ಉಳಿಸಿಕೊಳ್ಳಬಾರದು.

ಕಾರಣ ಹಕ್ಕಿ ಜ್ವರ. ಈ ವೈರಸ್ ತಣ್ಣನೆ ನೀರಲ್ಲಿ ಜಾಸ್ತಿ ದಿನ ಬದುಕುತ್ತದೆ. ಕೆಲವು ಬಾತುಗಳು ಕಾಯಿಲೆ ಬೀಳದೆಯೇ ಅದನ್ನು ಹೊತ್ತು ತರುತ್ತವೆ. ನಮ್ಮ ದೇಶದಲ್ಲಿ ಮೊದಲ ಸಲ ಇದು ಪತ್ತೆಯಾದದ್ದು 2006ರ ಫೆಬ್ರವರಿಯಲ್ಲಿ, ಮಹಾರಾಷ್ಟ್ರದ ನವಾಪುರದ ಕೋಳಿ ಫಾರಮ್ಮುಗಳಲ್ಲಿ. 2017ರ ಜನವರಿಯಲ್ಲಿ ಮೈಸೂರು ಮೃಗಾಲಯವನ್ನು ಇದೇ ಕಾರಣಕ್ಕೆ ಸುಮಾರು ಒಂದು ತಿಂಗಳು ಮುಚ್ಚಿದ್ದರು. 2021ರ ಜನವರಿಯಲ್ಲಿ ದೆಹಲಿಯ ಸಂಜಯ್ ಕೆರೆ ಪಾರ್ಕಿನಲ್ಲಿ ಬಾತುಗಳು ಸತ್ತು, ಪರೀಕ್ಷೆಯಲ್ಲಿ ವೈರಸ್ ಸಿಕ್ಕು, ಉಳಿದ ಬಾತುಗಳನ್ನೂ ಕೊಲ್ಲಬೇಕಾಯಿತು. ಸಾಕಿದವರಿಗೆ ಅದೆಂಥ ನೋವು ಅಂತ ಯೋಚಿಸಿದರೆ ಹೊಟ್ಟೆ ಹಿಂಡುತ್ತದೆ. ಗಮನಿಸಿ, ಎಲ್ಲವೂ ಚಳಿಗಾಲದಲ್ಲೇ.

ಹಾಗಾಗಿ ಈ ತಿಂಗಳುಗಳಲ್ಲಿ ನಮ್ಮ ಮೇವಿನ ಬುಟ್ಟಿ ಗೂಡಿನ ಜಾಲರಿಯೊಳಗೆ ಇರುತ್ತದೆ. ಗೂಡಿಗೆ ಹೋಗುವವರಿಗೆ ಬೇರೆ ಚಪ್ಪಲಿ ಇದೆ, ಬಾಗಿಲಲ್ಲಿ ಸುಣ್ಣದ ಪುಡಿ. ಮನೆಯಲ್ಲಿ ಕೋಳಿ ಇರುವವರು ಗೂಡಿನ ಕೆಲಸಕ್ಕೆ ಬರುವುದಿಲ್ಲ. ಹೊಸದಾಗಿ ಯಾರಾದರೂ ಬಾತು ತಂದು ಬಿಟ್ಟರೆ ಅದು ಮೂರು ವಾರ ಬೇರೆ ಗೂಡಿನಲ್ಲಿ. ಒಂದೇ ಸಲಕ್ಕೆ ಎರಡು ಮೂರು ಹಕ್ಕಿ ಸತ್ತರೆ, ಕಾಗೆ ಸತ್ತು ಬಿದ್ದಿದ್ದರೂ ಸರಿ, ಬರಿಗೈಯಲ್ಲಿ ಮುಟ್ಟದೆ ಪಶುಸಂಗೋಪನಾ ಇಲಾಖೆಗೆ ತಿಳಿಸುತ್ತೇವೆ. ಸುಮ್ನೆ ಹೂತುಬಿಡುವುದು ಎಲ್ಲಕ್ಕಿಂತ ಕೆಟ್ಟದ್ದು. ಬಾತು ಪ್ಲೇಗು ಅನ್ನುವ, ಬಾತುಗಳಿಗೆ ಬರುವ ಇನ್ನೊಂದು ವೈರಸ್ ಕಾಯಿಲೆಗೆ ಲಸಿಕೆ ಇದೆ, ಅದನ್ನು ಚಳಿಗೆ ಮೊದಲೇ ಪಶುವೈದ್ಯರನ್ನು ಕೇಳಿ ಹಾಕಿಸಿಕೊಳ್ಳಿ.

ರಾತ್ರಿ ಉದ್ದವಾಗುವುದರಿಂದ ನಾಯಿ, ಮುಂಗುಸಿ, ಕಾಡುಬೆಕ್ಕಿನ ಕಾಟವೂ ಜಾಸ್ತಿ. ಕತ್ತಲಾಗುವ ಮೊದಲು ಬಾತುಗಳು ಗೂಡಿನಲ್ಲಿ ಇರಬೇಕು, ಸಂಜೆಯ ಕಾಳು ಒಳಗೇ ಇಟ್ಟರೆ ಕರೆಯುವ ಕೆಲಸವೇ ಇಲ್ಲ, ತಾವೇ ಸಾಲುಗಟ್ಟಿ ಬರುತ್ತವೆ. ಮಲಗಿದ ಸಾಲನ್ನು ಟಾರ್ಚ್ ಇಲ್ಲದೆ ಮೆಲ್ಲಗೆ ನೋಡಿ. ತುದಿಯಲ್ಲಿರುವ ಬಾತು ಹೊರಗಿನ ಕಡೆಯ ಒಂದು ಕಣ್ಣು ತೆರೆದುಕೊಂಡೇ ನಿದ್ದೆ ಮಾಡುತ್ತದೆ. ಹೆಬ್ಬಾತುಗಳು ಗೂಡಿನ ಬಾಗಿಲ ಹತ್ತಿರ ಮಲಗುತ್ತವೆ, ಇಲಿ ಓಡಾಡಿದರೂ ಇಡೀ ಬಡಾವಣೆ ಏಳುವ ಹಾಗೆ ಕೂಗುತ್ತವೆ.

ಜನವರಿಗೆ ನಮ್ಮ ಹೆಬ್ಬಾತುಗಳು ಮೊಟ್ಟೆಗೆ ಕೂಡುತ್ತವೆ. ಗಂಡು ಆಗ ಯಾರನ್ನೂ ಹತ್ತಿರ ಬಿಡದು, ಕತ್ತು ನೆಲಕ್ಕೆ ಚಾಚಿ ಬುಸುಗುಡುತ್ತಾ ಅಟ್ಟಿಸಿಕೊಂಡು ಬರುತ್ತದೆ. ಹಗ್ಗ ಕಟ್ಟಿ ಆ ಮೂಲೆಗೆ ಮಕ್ಕಳು ಹೋಗದ ಹಾಗೆ ಮಾಡುತ್ತೇವೆ. ಎಲ್ಲ ಮೊಟ್ಟೆಯೂ ಮರಿಯಾಗಲು ಬಿಟ್ಟರೆ ಇಷ್ಟು ಸಣ್ಣ ಹೊಂಡಕ್ಕೆ ಹೊರೆ. ಒಂದು ಹೆಬ್ಬಾತಿನ ಕೆಳಗೆ ಮಾತ್ರ ಮೊಟ್ಟೆ ಉಳಿಸಿ, ಉಳಿದವನ್ನು ಇಟ್ಟ ದಿನವೇ ತೆಗೆದುಬಿಡುತ್ತೇವೆ. ಮರಿಗೆ ಸುಮಾರು 30 ದಿನ ಬೇಕು, ಅಷ್ಟರಲ್ಲಿ ಥಂಡಿಯ ಕೊರೆತ ಇಳಿದಿರುತ್ತದೆ.

ಶಿವರಾತ್ರಿ ಹೊತ್ತಿಗೆ ತಟ್ಟಿಗಳನ್ನು ಬಿಚ್ಚಿ ಗೂಡಿನ ಚಾವಣಿಗೆ ನೆರಳಾಗಿ ಹಾಸುತ್ತೇವೆ. ನಮ್ಮ ಕಡೆ ಬಾತುಗಳಿಗೆ ನಿಜವಾಗಿ ಕಷ್ಟ ಆಗ ಶುರು, 40 ಡಿಗ್ರಿ ದಾಟುವ ಬೇಸಿಗೆಯಲ್ಲಿ. ಹೊಂಡ ತಗ್ಗುವ ಮೊದಲೇ ಟ್ಯಾಂಕರಿನವರಿಗೆ ಹೇಳಿಡಬೇಕು. ಮಾಲಿ ಕಾಕಾ ಸಂಕ್ರಾಂತಿ ಮುಗಿದ ಕೂಡಲೇ ಅವರ ಹಿಂದೆ ಬೀಳುತ್ತಾರೆ.